ಹಾಡು, ಹೊಳೆ ಮತ್ತು ಹೊಣೆ: ಪರಿಸರಗೀತೆಗಳ ವಿಮರ್ಶೆಗೊಂದು ಪೀಠಿಕೆ

೧

ಹಾಡಿನಿಂದ ಜನ ಎಚ್ಚರಗೊಳ್ಳುವರೆ ಎಂಬ ಪ್ರಶ್ನೆಯನ್ನು ಕನ್ನಡಿಗರಿಗೆ ಹೊಸದಾಗಿ ಕೇಳಬೇಕಾದುದಿಲ್ಲ. ೧೯೨೪ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ಕೂಡಿದಾಗ ಹುಯಿಲಗೋಳ ನಾರಾಯಣರಾಯರ ಗೀತೆ ಅಲ್ಲಿ ಮೊಳಗಿತು. ಅಂದಿನಿಂದ ಮೂವತ್ತೆರಡು ವರ್ಷಗಳ ಕಾಲ, ೧೯೫೬ರ ನವೆಂಬರ್ ೧ರಂದು ನಾಡು ಒಂದಾಗುವ ವರೆಗೆ, ಅದು ಏಕೀಕರಣದ ಗೀತೆಯಾಗಿ ಬಾಳಿತು. ಹಾಗೆಂದು ಆ ಗೀತೆಯೊಂದೇ ಹರಿದು ಹಂಚಿಹೋಗಿದ್ದ ನಾಡನ್ನು ಕೂಡಿಸಿತೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ೧೮೯೦ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, ಆಲೂರ ವೆಂಕಟರಾಯರಂಥವರ ಅವಿಶ್ರಾಂತ ಲೇಖನಿ, ಊರೂರಿನ ಸಭೆಗಳು, ಠರಾವುಗಳು, ಮನವಿಗಳು ಇವೆಲ್ಲ ಅದರ ಬೆನ್ನಿಗಿದ್ದವು. ಹಾಡು ಇವುಗಳಿಗೆ ಉಸಿರಾಯಿತು. ಇವು ಹಾಡಿಗೆ ಮೈಯಾದವು. ಉಸಿರಿಲ್ಲದ ಮೈ ಹೇಗೆ ಶವವೋ, ಮೈಯಿಲ್ಲದ ಉಸಿರು ಹಾಗೆಯೇ ಬರಿಯ ಗಾಳಿ.

ಇಂದು ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಮುಂಬಯಿಯ ಕನ್ನಡಿಗರ ಎದುರಿಗೆ ನಿಂತಿದೆ. ಕಾಡು, ಹೊಳೆ, ಕಡಲ ಹಿನ್ನೀರುಗಳನ್ನು ಉಳಿಸಿಕೊಳ್ಳಬೇಕೆಂಬ ಉದ್ದೇಶದಿಂದ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಹಲವು ಗೀತೆಗಳು ಹುಟ್ಟಿವೆ. ಕೆಲವನ್ನು ಪ್ರಸಿದ್ಧ ಗಾಯಕರು ಹಾಡಿದ್ದಾರೆ. ಕೆಲವು ಹೆಸರಿಲ್ಲದ ಪಾಡಾಗಳಿಂದ ಬಂದಿವೆ. ಇವುಗಳನ್ನು ಕುರಿತ ಮಾತು ಸಾಮಾನ್ಯವಾಗಿ ಎರಡು ತುದಿಗಳಲ್ಲಿ ನಿಲ್ಲುತ್ತದೆ. ಉದ್ದೇಶ ಒಳ್ಳೆಯದಾದುದರಿಂದ ಹಾಡೂ ಒಳ್ಳೆಯದೆಂದು ಮೆಚ್ಚುವವರು ಒಂದು ಕಡೆ. ಉದ್ದೇಶವಿಟ್ಟುಕೊಂಡು ಹುಟ್ಟಿದ ಹಾಡು ಪ್ರಚಾರವೇ ಹೊರತು ಕಲೆಯಲ್ಲವೆಂದು ತಳ್ಳಿಹಾಕುವವರು ಇನ್ನೊಂದು ಕಡೆ. ಎರಡೂ ವಿಮರ್ಶೆಯ ಕೆಲಸವನ್ನು ತಪ್ಪಿಸಿಕೊಳ್ಳುವ ದಾರಿಗಳೇ. ಹಾಡಾಗಿ ಅವು ಏನು ಸಾಧಿಸಿವೆ, ಸಾಧಿಸಿದ್ದು ಹಾಡಿನಾಚೆಗೆ ಎಷ್ಟು ದೂರ ನಡೆದಿದೆ ಎಂಬುದನ್ನು ಒಂದೊಂದನ್ನಾಗಿ ನೋಡದೆ ಗತ್ಯಂತರವಿಲ್ಲ.

೨

ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಮಮ್ಮಟನು ಉಪದೇಶದ ಮಾತನ್ನೂ ಹೇಳಿದ್ದಾನೆ. ಪ್ರಭುವಿನಂತೆ ಆಜ್ಞಾಪಿಸುವುದು ವೇದ, ಮಿತ್ರನಂತೆ ತಿಳಿಯಹೇಳುವುದು ಪುರಾಣೇತಿಹಾಸ, ಕಾಂತೆಯಂತೆ ಮನವೊಲಿಸುವುದು ಕಾವ್ಯ ಎಂಬ ಅವನ ವಿಂಗಡಣೆ ಎಲ್ಲರಿಗೂ ಪರಿಚಿತವಾದುದೇ. ಉದ್ದೇಶವಿದ್ದ ಮಾತ್ರಕ್ಕೆ ಕಲೆ ಕೆಡುವುದೆಂಬ ವಾದಕ್ಕೆ ನಮ್ಮ ಆಲಂಕಾರಿಕ ಪರಂಪರೆಯಲ್ಲಿ ಆಧಾರವಿಲ್ಲ. ಉಪದೇಶ ಯಾವ ದನಿಯಲ್ಲಿ ಬಂತೆಂಬುದೇ ಅಲ್ಲಿ ಮುಖ್ಯ.

ನಿಜವಾದ ತೊಡಕು ಬೇರೊಂದೆಡೆ ಇದೆ. ಭಟ್ಟನಾಯಕನಿಂದ ಮೊದಲ್ಗೊಂಡು ರಸವಾದಿಗಳು ಸಾಧಾರಣೀಕರಣವನ್ನು ರಸಾನುಭವದ ಬಾಗಿಲೆಂದು ಕರೆದರು. ರಂಗದ ಮೇಲಿನ ಶೋಕ ಇಂಥವನ ಶೋಕವಾಗಿ ಉಳಿಯದೆ ಶೋಕಮಾತ್ರವಾದಾಗ ಸಹೃದಯನಿಗೆ ಅದು ರಸವಾಗುತ್ತದೆ. ಸಂಗೀತದಲ್ಲಿ ಈ ಕ್ರಿಯೆ ಇನ್ನೂ ತೀವ್ರ. ರಾಗಕ್ಕೆ ಊರಿಲ್ಲ, ಸರ್ವೆ ನಂಬರಿಲ್ಲ. ಆದರೆ ಹೊಳೆಯನ್ನು ಉಳಿಸುವ ಕೆಲಸಕ್ಕೆ ಬೇಕಾದುದು ಹೊಳೆಮಾತ್ರವಲ್ಲ, ಈ ಹೊಳೆ; ಮರವೆಂಬ ಭಾವವಲ್ಲ, ನಾಳೆ ಬೆಳಿಗ್ಗೆ ಕೊಡಲಿ ಬೀಳಲಿರುವ ಈ ಮರ. ರಸವು ವಿಶೇಷವನ್ನು ಕರಗಿಸುತ್ತದೆ. ಕ್ರಿಯೆ ವಿಶೇಷವನ್ನು ಬೇಡುತ್ತದೆ. ಪರಿಸರಗೀತೆ ಈ ಎರಡರ ನಡುವಿನ ಇಕ್ಕಟ್ಟಿನಲ್ಲಿ ಹುಟ್ಟುವ ಪ್ರಕಾರ. ಕೇಳಿ ಕಣ್ಣೊರಸಿಕೊಂಡು ಮನೆಗೆ ಹೋದ ಸಭಿಕನು ರಸಿಕನಾಗಿ ತೃಪ್ತ. ನಾಗರಿಕನಾಗಿ ಅವನು ಎದ್ದೇ ಇಲ್ಲ.

ಇದರಿಂದ ಮೂರು ಒರೆಗಲ್ಲುಗಳು ದೊರೆಯುತ್ತವೆ. ಹಾಡು ತನ್ನ ಸ್ಥಳವನ್ನು ಹೆಸರಿಸುತ್ತದೆಯೇ? ಹಾಡುವ ಕಂಠಕ್ಕೆ ಆ ಸ್ಥಳದೊಡನೆ ಏನು ಸಂಬಂಧ? ಹಾಡು ಮುಗಿದ ಬಳಿಕ ಮಾಡುವ ಕೆಲಸವೊಂದು, ಮಾಡಿಸುವ ಸಂಘಟನೆಯೊಂದು ಕಾದಿದೆಯೇ? ಇನ್ನು ಉದಾಹರಣೆಗಳಿಗೆ ಬರಬಹುದು.

೩

ಮುಂಬಯಿಗೆ ನದಿಗಳಿವೆ ಎಂಬುದು ಈ ನಗರದ ಬಹುಮಂದಿಗೆ ನೆನಪಾದುದು ೨೦೦೫ರ ಜುಲೈ ೨೬ರಂದು. ಅಂದು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಾಂತಾಕ್ರೂಝಿನಲ್ಲಿ ೯೪೪ ಮಿಲಿಮೀಟರ್ ಮಳೆ ಸುರಿಯಿತು. ವಿಹಾರ, ಪವಯಿ ಕೆರೆಗಳ ಕೋಡಿನೀರಿನಿಂದ ಹುಟ್ಟಿ ಮಾಹೀಮಿನ ಖಾಡಿ ಸೇರುವ ಮೀಠಿ ನದಿ, ಜನ ಅದನ್ನು ಗಟಾರವೆಂದು ಕರೆಯುತ್ತಿದ್ದ ಕಾಲದಲ್ಲಿ, ತಾನು ನದಿಯೆಂದು ಸಾರಿತು. ದಹಿಸರ, ಪೊಯಿಸರ, ಓಶಿವರಾ ಎಂಬ ಉಳಿದ ಮೂರು ನದಿಗಳೂ ಉಪನಗರದ ಅದೇ ಗುಡ್ಡಗಾಡಿನಲ್ಲಿ ಹುಟ್ಟಿ, ಅದೇ ಅವಮಾನವನ್ನು ಉಂಡು ಸಮುದ್ರ ಸೇರುವಂಥವು. ಬೋರಿವಲಿ, ಕಾಂದಿವಲಿ, ಗೋರೆಗಾಂವಗಳ ಕನ್ನಡಿಗರು ದಿನವೂ ರೈಲಿನಲ್ಲಿ ದಾಟುವ ನೀರು ಇವುಗಳದ್ದೇ.

ಈ ನಾಲ್ಕು ನದಿಗಳ ಪುನರುಜ್ಜೀವನಕ್ಕಾಗಿ ‘ರಿವರ್ ಮಾರ್ಚ್’ ಎಂಬ ನಾಗರಿಕರ ಚಳವಳಿ ನಡೆದುಬಂದಿದೆ. ಅದಕ್ಕೆಂದು ೨೦೧೮ರ ಫೆಬ್ರವರಿಯಲ್ಲಿ ನದಿಗೀತೆಯೊಂದು ಹೊರಬಂತು. ಹಾಡಿದವರು ಸೋನು ನಿಗಮ್ ಮತ್ತು ಅಮೃತಾ ಫಡಣವೀಸ್. ದೃಶ್ಯದಲ್ಲಿ ಆಗಿನ ಮುಖ್ಯಮಂತ್ರಿ ದೇವೇಂದ್ರ ಫಡಣವೀಸರೂ, ಅರಣ್ಯ ಸಚಿವರೂ, ಹಿರಿಯ ಅಧಿಕಾರಿಗಳೂ ಕಾಣಿಸಿಕೊಂಡರು. ಸ್ಥಳದ ಒರೆಗಲ್ಲಿನಲ್ಲಿ ಈ ಗೀತೆ ಒಂದಿಷ್ಟು ತೇರ್ಗಡೆಯಾಗುತ್ತದೆ. ನಗರ ಮರೆತ ನದಿಗಳನ್ನು ಅದು ನೆನಪಿಗೆ ತಂದಿತು, ತೆರೆಯ ಮೇಲೆ ತಂದಿತು. ಚಳವಳಿಯವರ ಶ್ರದ್ಧೆಯನ್ನು ಸಂಶಯಿಸುವುದಕ್ಕೂ ಕಾರಣವಿಲ್ಲ.

ಕಂಠದ ಒರೆಗಲ್ಲಿನಲ್ಲಿ ಮಾತ್ರ ವಿಚಿತ್ರವಾದ ತೊಡಕು ತಲೆದೋರುತ್ತದೆ. ನದಿಯನ್ನು ಉಳಿಸಿರೆಂದು ಹಾಡು ಯಾರನ್ನು ಕೇಳಬೇಕಾಗಿತ್ತೋ ಅವರೇ ಹಾಡಿನ ಒಳಗೆ ನಿಂತಿದ್ದಾರೆ. ಚರಂಡಿಯ ನೀರನ್ನು ಶುದ್ಧಗೊಳಿಸದೆ ನದಿಗೆ ಬಿಡುವುದನ್ನು ತಡೆಯುವ, ದಂಡೆಯ ಕಟ್ಟಡಗಳಿಗೆ ಅನುಮತಿ ಕೊಡುವ ಅಥವಾ ಕೊಡದಿರುವ ಅಧಿಕಾರವುಳ್ಳವರು ಜನರತ್ತ ತಿರುಗಿ, ನದಿಯನ್ನು ಪ್ರೀತಿಸಿರೆಂದು ಹೇಳಿದಂತಾಯಿತು. ಮನವಿಯು ಆಜ್ಞೆಯಾಯಿತು, ಆಜ್ಞೆಯು ಸಿನಿಮಾ ಸಂಗೀತದ ಇಂಪನ್ನು ಹೊದ್ದುಕೊಂಡಿತು. ಮಮ್ಮಟನ ಮಾತಿನಲ್ಲಿ ಇದು ಪ್ರಭುಸಮ್ಮಿತವೇ ಕಾಂತಾಸಮ್ಮಿತದ ವೇಷ ಧರಿಸಿ ಬಂದ ಪ್ರಸಂಗ. ಹೊಣೆ ಯಾರದೆಂಬ ಪ್ರಶ್ನೆ ಆ ಇಂಪಿನಲ್ಲಿ ಕರಗಿಹೋಯಿತು.

ಮೀಠಿ ನದಿಯ ಅಭಿವೃದ್ಧಿ ಮತ್ತು ರಕ್ಷಣೆಗೆಂದು ಮಹಾಪೂರದ ನಂತರ ಪ್ರಾಧಿಕಾರವೊಂದು ರಚಿತವಾಗಿತ್ತು. ಹೂಳೆತ್ತುವ ಕೆಲಸಕ್ಕೆ ವರ್ಷವರ್ಷವೂ ಹಣ ಹರಿದಿತ್ತು. ೨೦೨೫ರ ಮೇ ತಿಂಗಳಲ್ಲಿ, ಎತ್ತದ ಹೂಳಿಗೆ ಲೆಕ್ಕ ತೋರಿಸಿ ಸುಮಾರು ೬೫ ಕೋಟಿ ರೂಪಾಯಿಗಳ ನಷ್ಟವುಂಟುಮಾಡಲಾಗಿದೆಯೆಂಬ ಆರೋಪದ ಮೇಲೆ ಮುಂಬಯಿ ಪೋಲೀಸರ ಆರ್ಥಿಕ ಅಪರಾಧ ವಿಭಾಗ ಪ್ರಕರಣ ದಾಖಲಿಸಿತು. ಆರೋಪದ ಸತ್ಯಾಸತ್ಯವನ್ನು ನ್ಯಾಯಾಲಯ ನಿರ್ಣಯಿಸಲಿ. ವಿಮರ್ಶೆಗೆ ಇಲ್ಲಿ ಕಾಣುವ ಸಂಗತಿ ಇಷ್ಟೆ: ಹೂಳು ಎಂಬುದು ಹಾಡಿಗೆ ಬಾರದ ಶಬ್ದ, ಟನ್ನು, ಗುತ್ತಿಗೆ, ಬಿಲ್ಲು ಎಂಬಿವು ಹಾಡಿಗೆ ಬಾರದ ಶಬ್ದಗಳು. ಆದರೆ ನದಿ ಸಾಯುವುದು ಈ ಶಬ್ದಗಳಲ್ಲಿಯೇ.

೪

ಇದರೊಡನೆ ಹೋಲಿಸಿ ನೋಡಬೇಕಾದುದು ೨೦೧೯ರ ‘ದಿ ವಾರ್ಲಿ ರಿವೋಲ್ಟ್’. ಮುಂಬಯಿಯ ‘ಸ್ವದೇಸಿ’ ಎಂಬ ಬಹುಭಾಷಾ ತರುಣರ ತಂಡ ಆರೆ ಕಾಲನಿಯ ಕೇಲ್ಟಿಪಾಡಾದ ಆದಿವಾಸಿ ಹಾಡುಗಾರ ಪ್ರಕಾಶ ಭೋಯಿರರನ್ನು ಕೂಡಿಕೊಂಡು ರಚಿಸಿದ ಗೀತೆಯಿದು. ಅಮೆರಿಕದ ಕರಿಯರ ಬೀದಿಗಳಲ್ಲಿ ಹುಟ್ಟಿದ ರ‍್ಯಾಪ್ ಎಂಬ ವೇಗದ ಪಠನ ಒಂದು ಕಡೆ, ಸಹ್ಯಾದ್ರಿಯ ತಪ್ಪಲಿನ ಆದಿವಾಸಿ ಧಾಟಿ ಇನ್ನೊಂದು ಕಡೆ. ಈ ಎರಡೂ ಅದರಲ್ಲಿ ಸಂಧಿಸಿವೆ. ಹೆಸರೇ ಅದಕ್ಕೊಂದು ಚರಿತ್ರೆಯನ್ನು ಕಟ್ಟಿಕೊಡುತ್ತದೆ. ೧೯೪೫ರಲ್ಲಿ ಠಾಣೆ ಜಿಲ್ಲೆಯ ವಾರ್ಲಿಗಳು ಜಮೀನ್ದಾರರ ಬಿಟ್ಟಿಚಾಕರಿಯ ವಿರುದ್ಧ ಎದ್ದುನಿಂತರು. ಗೋದಾವರಿ ಪರುಳೇಕರ ಅವರೊಡನೆ ನಿಂತು ದುಡಿದರು. ಕಾಡಿನ ಜನರಿಗೆ ದಂಗೆಯ ನೆನಪೂ ಒಂದು ಆಸ್ತಿಯೆಂಬುದನ್ನು ಆ ಶೀರ್ಷಿಕೆ ತಿಳಿದಿದೆ.

ಇಲ್ಲಿ ಕಂಠವೂ ಸ್ಥಳವೂ ಬೇರೆಯಲ್ಲ. ಭೋಯಿರರು ಹಾಡುವ ಕಾಡು ಅವರ ಮನೆಯ ಅಂಗಳ. ನಗರದವರ ಕಣ್ಣಿಗೆ ಆರೆಯು ಹಾಲಿನ ಕಾಲನಿ, ಹಸುರು ಪ್ರದೇಶ, ಮೆಟ್ರೋ ಕಾರ್ ಶೆಡ್ಡಿನ ನಿವೇಶನ. ಹಾಡುಗಾರನಿಗೆ ಅದು ದೇವರು, ಚಿರತೆ, ಸೊಪ್ಪು, ಬೇಸಾಯ. ‘ಪರಿಸರ’ವೆಂಬ ಶಾಸ್ತ್ರೀಯ ಪದವಿಲ್ಲದೆಯೇ ಹಾಡು ಪರಿಸರವನ್ನು ನುಡಿಯಬಲ್ಲುದೆಂಬುದಕ್ಕೆ ಇದು ನಿದರ್ಶನ. ಕಾವ್ಯದೃಷ್ಟಿಯಿಂದ ಅದರ ಪಠನಭಾಗಗಳಲ್ಲಿ ಆವೇಶ ಅರ್ಥವನ್ನು ಮೀರುವ ಕಡೆಗಳುಂಟು. ಪದಗಳ ಓಟದಲ್ಲಿ ಕೇಳುಗನಿಗೆ ಉಸಿರು ಕಟ್ಟುವಾಗ ಭೋಯಿರರ ನಿಧಾನವಾದ ದನಿ ಬಂದು ಅದನ್ನು ನೆಲಕ್ಕಿಳಿಸುತ್ತದೆ. ಎರಡು ಕಾಲಗತಿಗಳ ಈ ಘರ್ಷಣೆಯೇ ಆ ಹಾಡಿನ ನಿಜವಾದ ವಸ್ತು: ನಗರದ ವೇಗ, ಕಾಡಿನ ಸಾವಧಾನ.

ಹಾಡಿನ ಆಚೆಗೆ ಏನಾಯಿತು? ೨೦೧೯ರ ಅಕ್ಟೋಬರ್ ೪ರಂದು ಮುಂಬಯಿ ಉಚ್ಚ ನ್ಯಾಯಾಲಯ ಮರಗಳ ಪರವಾದ ಅರ್ಜಿಗಳನ್ನು ವಜಾಮಾಡಿತು. ಅದೇ ರಾತ್ರಿ ಗರಗಸಗಳು ಓಡಿದವು. ಸುದ್ದಿ ಕೇಳಿದ ತರುಣರು ಕತ್ತಲಲ್ಲಿ ಓಡಿಬಂದರು. ಇಪ್ಪತ್ತೊಂಬತ್ತು ಮಂದಿ ಸೆರೆಯಾದರು. ಅಕ್ಟೋಬರ್ ೭ರಂದು ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ಕೊಡುವ ವೇಳೆಗೆ ೨೧೪೧ ಮರಗಳು ಉರುಳಿದ್ದವು. ೨೦೨೦ರಲ್ಲಿ ಕಾರ್ ಶೆಡ್ಡನ್ನು ಕಾಂಜೂರಮಾರ್ಗಕ್ಕೆ ಒಯ್ಯುವ ನಿರ್ಧಾರವಾಯಿತು, ಆರೆಯ ಎಂಟುನೂರಕ್ಕೂ ಹೆಚ್ಚು ಎಕರೆಗಳನ್ನು ಕಾದಿಟ್ಟ ಅರಣ್ಯವೆಂದು ಸಾರುವುದಾಯಿತು; ೨೦೨೨ರಲ್ಲಿ ಶೆಡ್ಡು ಮತ್ತೆ ಆರೆಗೇ ಬಂತು. ೨೦೨೪ರ ಅಕ್ಟೋಬರಿನಲ್ಲಿ ಮೆಟ್ರೋ ಓಡತೊಡಗಿತು. ನೆರೆದ ಜನಕ್ಕೆ ಹಾಡು ಧೈರ್ಯ ಕೊಟ್ಟಿತು. ಸೋಲಿಗೆ ಮಾನ ತಂದಿತು. ಮರಗಳನ್ನು ಉಳಿಸಲಿಲ್ಲ, ಆದರೆ ‘ಅಲ್ಲಿ ಕಾಡೇ ಇಲ್ಲ’ ಎಂದು ಸಲೀಸಾಗಿ ಹೇಳುವುದನ್ನು ಅಸಾಧ್ಯಗೊಳಿಸಿತು. ಈ ಗಳಿಕೆಯನ್ನು ದೊಡ್ಡದು ಮಾಡಿ ಹೇಳುವುದೂ ತಪ್ಪು, ಇಲ್ಲವೆನ್ನುವುದೂ ತಪ್ಪು.

೫

ಶಾಸ್ತ್ರೀಯ ಸಂಗೀತ ಈ ಕೆಲಸಕ್ಕೆ ಒದಗೀತೆ ಎಂಬ ಸಂಶಯಕ್ಕೆ ಉತ್ತರ ೨೦೧೭ರ ಜನವರಿಯಲ್ಲಿ ಚೆನ್ನೈಯಿಂದ ಬಂತು. ಟಿ. ಎಂ. ಕೃಷ್ಣ ಹಾಡಿದ ‘ಚೆನ್ನೈ ಪೊರಂಬೋಕು ಪಾಡಲ್’ ಎಣ್ಣೂರು ಅಳಿವೆಯ ನಾಶವನ್ನು ಕುರಿತದ್ದು; ಸಾಹಿತ್ಯ ಕಬೇರ್ ವಾಸುಕಿಯವರದು. ಸಂಗೀತ ಶುದ್ಧ ಕರ್ನಾಟಕ ಪದ್ಧತಿಯ ರಾಗಮಾಲಿಕೆ. ಭಾಷೆ ಮಾತ್ರ ಸಭಾಗೃಹಗಳು ಕೇಳರಿಯದ ಚೆನ್ನೈಯ ಬೀದಿಯ ತಮಿಳು. ಚಿತ್ರದಲ್ಲಿ ಗಾಯಕನು ಉಷ್ಣವಿದ್ಯುತ್ ಸ್ಥಾವರಗಳ ನೆರಳಿನಲ್ಲಿ, ಬೂದಿ ಬೆರೆತ ನೆಲದಲ್ಲಿ ಕುಳಿತು ಹಾಡುತ್ತಾನೆ.

ಈ ಗೀತೆಯ ಕೀಲು ಅದರ ಶೀರ್ಷಿಕೆಯಲ್ಲಿದೆ. ಕಂದಾಯವಿಲ್ಲದ, ಒಬ್ಬನ ಒಡೆತನಕ್ಕೆ ಸೇರದ, ಊರಿಗೆಲ್ಲ ಸೇರಿದ ನೆಲಕ್ಕೆ ಮದರಾಸು ಪ್ರಾಂತದ ಕಂದಾಯಭಾಷೆಯಲ್ಲಿ ಈ ಹೆಸರು. ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದವರಿಗೆ ಅದು ಹೊರಗಿನ ಶಬ್ದವಲ್ಲ. ಊರಿನ ಜಮೀನಿನ ಕಾಗದಗಳಲ್ಲಿ ಕುಮ್ಕಿ, ಕಾನೆ, ಬಾಣೆಗಳ ನೆರೆಯಲ್ಲಿ ‘ಪರಂಬೋಕು’ ಇಂದಿಗೂ ಇದೆ. ಹಳೆಯ ಮೈಸೂರಿನವರು ಗೋಮಾಳ, ಗುಂಡುತೋಪು, ಖರಾಬು ಎಂದರು. ಸರಕಾರಕ್ಕೆ ವರಮಾನ ತಾರದ ನೆಲ ನಿಷ್ಪ್ರಯೋಜಕವೆಂಬ ಭಾವ ಬೆಳೆದಂತೆ ತಮಿಳಿನಲ್ಲಿ ಆ ಶಬ್ದ ಕೆಲಸಕ್ಕೆ ಬಾರದ ಮನುಷ್ಯನನ್ನು ಬಯ್ಯುವ ಮಾತಾಯಿತು. ‘ಖರಾಬು’ ಎಂಬಲ್ಲಿಯೂ ಅದೇ ತಿರಸ್ಕಾರ ಅಡಗಿಲ್ಲವೆ? ಹಾಡು ಬೈಗುಳನ್ನು ಹಿಂದಕ್ಕೆ ತೆಗೆದುಕೊಂಡು ಅದರ ಮಾನವನ್ನು ಮರಳಿ ಕೊಟ್ಟಿತು. ಒಂದು ಶಬ್ದದ ಅರ್ಥವನ್ನು ತಿದ್ದುವುದು ಸಣ್ಣ ಕೆಲಸವೆಂದು ಸಾಹಿತ್ಯವಿದ್ಯಾರ್ಥಿಯಾದವನು ಹೇಳಲಾರ.

ರಸ ಮತ್ತು ವಿಶೇಷಗಳ ಇಕ್ಕಟ್ಟಿಗೆ ಇಲ್ಲಿ ದೊರೆತಿರುವ ಪರಿಹಾರ ಗಮನಾರ್ಹ. ರಾಗವು ಸಾಧಾರಣೀಕರಣದ ಕೆಲಸ ಮಾಡುತ್ತದೆ. ಮಾತು ವಿಶೇಷವನ್ನು ಬಿಟ್ಟುಕೊಡುವುದಿಲ್ಲ. ಕೇಳುಗನು ಕರಗಬೇಕೆನ್ನುವಷ್ಟರಲ್ಲಿ ಒರಟು ಶಬ್ದವೊಂದು ಅವನನ್ನು ಎಣ್ಣೂರಿಗೆ ಎಳೆದು ತರುತ್ತದೆ. ಹೀಗಿದ್ದೂ ೨೦೨೩ರ ಡಿಸೆಂಬರಿನ ಚಂಡಮಾರುತದ ಮಳೆಯಲ್ಲಿ ಅದೇ ಅಳಿವೆಗೆ ತೈಲ ಹರಿದು ಮೀನುಗಾರರ ದೋಣಿ ಬಲೆಗಳು ಕಪ್ಪಾದವು. ಹಾಡು ಅಳಿವೆಗೆ ಸಾಕ್ಷಿಯಾಗಬಲ್ಲದು, ಕಾವಲುಗಾರನಾಗಲಾರದು.

ಕಾವಲಿಗೆ ಹತ್ತಿರ ಬಂದ ಉದಾಹರಣೆಯೊಂದುಂಟು. ಕೊಡೈಕನಾಲಿನ ಉಷ್ಣಮಾಪಕ ಕಾರಖಾನೆ ಪಾದರಸದ ಮಾಲಿನ್ಯದ ಕಾರಣದಿಂದ ೨೦೦೧ರಲ್ಲಿ ಮುಚ್ಚಿತು. ಕಂಪನಿ ಹಿಂದೂಸ್ತಾನ್ ಲಿವರ್, ಈಗಿನ ಹಿಂದೂಸ್ತಾನ್ ಯುನಿಲಿವರ್. ಅದರ ಪ್ರಧಾನ ಕಚೇರಿ ಇದೇ ಮುಂಬಯಿಯಲ್ಲಿದೆ. ಕಾರ್ಮಿಕರು ಪರಿಹಾರ ಕೋರಿ ೨೦೦೬ರಲ್ಲಿ ಮದರಾಸು ಉಚ್ಚ ನ್ಯಾಯಾಲಯಕ್ಕೆ ಹೋಗಿದ್ದರು. ೨೦೧೫ರ ಜುಲೈಯಲ್ಲಿ ಸೋಫಿಯಾ ಅಶ್ರಫ್ ಎಂಬ ತರುಣಿ ಒಂದು ಜನಪ್ರಿಯ ಅಮೆರಿಕನ್ ಹಾಡಿನ ಧಾಟಿಗೆ ಹೊಸ ಮಾತು ಜೋಡಿಸಿ ಹಾಡಿದಳು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಕೇಳಿದರು. ೨೦೧೬ರ ಮಾರ್ಚಿನಲ್ಲಿ ೫೯೧ ಮಂದಿ ಮಾಜಿ ಕಾರ್ಮಿಕರೊಡನೆ ಕಂಪನಿ ಒಪ್ಪಂದಕ್ಕೆ ಬಂತು. ಸಂಗೀತವಾಗಿ ಅದು ಅನುಕರಣೆ, ಕಾವ್ಯವಾಗಿ ಅಣಕ. ಆದರೆ ಅದರ ಬೆನ್ನಿಗೆ ಹದಿನಾಲ್ಕು ವರ್ಷಗಳ ದಾಖಲೆ, ವೈದ್ಯಕೀಯ ಪರೀಕ್ಷೆ, ವ್ಯಾಜ್ಯಗಳಿದ್ದವು. ಒಣಗಿದ ಸೌದೆಯ ರಾಶಿಗೆ ಕಿಡಿ ಬಿದ್ದಂತಾಯಿತು. ಕಿಡಿಯನ್ನು ಹೊಗಳುವವರು ಸೌದೆ ಹೊತ್ತವರನ್ನು ಮರೆಯಬಾರದು. ಕಾರ್ಮಿಕರಿಗೆ ಪರಿಹಾರ ಬಂದರೂ ಆ ಮಣ್ಣನ್ನು ಎಷ್ಟರ ಮಟ್ಟಿಗೆ ಶುದ್ಧಗೊಳಿಸಬೇಕೆಂಬ ವಿವಾದ ಮುಂದುವರಿಯಿತೆಂಬುದನ್ನೂ ಮರೆಯಬಾರದು.

ಅಮೆರಿಕದ ಹಡ್ಸನ್ ನದಿಯ ಕಥೆ ಇದನ್ನೇ ಬೇರೊಂದು ಬಗೆಯಲ್ಲಿ ಹೇಳುತ್ತದೆ. ಜಾನಪದ ಗಾಯಕ ಪೀಟ್ ಸೀಗರ್ ನದಿಯ ಮಾಲಿನ್ಯವನ್ನು ಹಾಡಿ ಸುಮ್ಮನಾಗಲಿಲ್ಲ. ಹಾಡಿ ಕೂಡಿಸಿದ ಹಣದಿಂದ ‘ಕ್ಲಿಯರ್‌ವಾಟರ್’ ಎಂಬ ಹಾಯಿಹಡಗನ್ನು ಕಟ್ಟಿಸಿದ. ೧೯೬೯ರಲ್ಲಿ ನೀರಿಗಿಳಿದ ಆ ಹಡಗು ಶಾಲೆಯಾಯಿತು, ಪ್ರಯೋಗಾಲಯವಾಯಿತು, ಸಂಸ್ಥೆಯಾಯಿತು. ನದಿಯ ತಳದ ವಿಷದ ಕೆಸರನ್ನು ತೆಗೆಯುವ ಕೆಲಸ ೨೦೦೯ರಲ್ಲಿ ಆರಂಭವಾದಾಗ ಹಡಗಿಗೆ ನಾಲ್ವತ್ತು ವರ್ಷ. ಹಾಡಿಗೆ ಮೈ ಕೊಡುವುದೆಂದರೆ ಇದು.

೬

ಕನ್ನಡದ ಕಡೆಗೆ ತಿರುಗಿದರೆ ಹೆಮ್ಮೆಯೂ ಸಂಕೋಚವೂ ಒಟ್ಟಿಗೇ ಎದುರಾಗುತ್ತವೆ. ೧೯೮೩ರ ಸೆಪ್ಟೆಂಬರ್ ೮ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿ ನಿಂತರು. ಹಿಮಾಲಯದ ಚಿಪ್ಕೋ ಚಳವಳಿಗೆ ಘನಶ್ಯಾಮ ಸೈಲಾನಿಯೆಂಬ ಜನಕವಿಯ ಹಾಡುಗಳಿದ್ದಂತೆ, ಪಾಂಡುರಂಗ ಹೆಗಡೆಯವರು ಮುನ್ನಡೆಸಿದ ಅಪ್ಪಿಕೋ ಚಳವಳಿಗೂ ಕಾಲ್ನಡಿಗೆ, ಬೀದಿನಾಟಕ, ಜನಪದ ಕುಣಿತಗಳೇ ವಾಹಕಗಳಾದವು. ಮೂವತ್ತೆಂಟು ದಿನಗಳ ಹೋರಾಟದ ಬಳಿಕ ಸರಕಾರ ಕಡಿತದ ಆಜ್ಞೆಯನ್ನು ಹಿಂತೆಗೆದುಕೊಂಡಿತು. ‘ಉಳಿಸು, ಬೆಳೆಸು, ಬಳಸು’ ಎಂಬ ಅದರ ಘೋಷಣೆಯಲ್ಲಿ ಪ್ರಾಸವೂ ಇದೆ, ಕಾರ್ಯಕ್ರಮವೂ ಇದೆ. ಮೂರು ಕ್ರಿಯಾಪದಗಳಲ್ಲಿ ಒಂದು ಅರಣ್ಯನೀತಿಯೇ ಅಡಗಿದೆ. ಮೂರು ಒರೆಗಲ್ಲುಗಳಲ್ಲಿಯೂ ಗೆದ್ದ ಉದಾಹರಣೆ ಕನ್ನಡದಲ್ಲಿ ಇದೊಂದು.

ಅದೇ ಜಿಲ್ಲೆಯ ಅಂಕೋಲಾ ತಾಲೂಕಿನ ಹಾಲಕ್ಕಿ ಒಕ್ಕಲಿಗರಲ್ಲಿ ಇಬ್ಬರು ಹಿರಿಯ ಮಹಿಳೆಯರು ಇತ್ತೀಚಿನ ವರೆಗೆ ಇದ್ದರು. ಬಡಗೇರಿಯ ಸುಕ್ರಿ ಬೊಮ್ಮಗೌಡ ಹಾಡಿದರು. ಹಾಡಿದ್ದಷ್ಟೇ ಅಲ್ಲ, ಸಾರಾಯಿ ವಿರೋಧಿ ಹೋರಾಟಕ್ಕೆ ಮುಂದಾಳಾದರು. ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ಜೀವಮಾನವಿಡೀ ಬೀಜ ಬಿತ್ತಿ ಗಿಡ ಬೆಳೆಸಿದರು. ಇಬ್ಬರಿಗೂ ಪದ್ಮಶ್ರೀ ಬಂತು. ತುಳಸಿ ಗೌಡ ೨೦೨೪ರ ಡಿಸೆಂಬರಿನಲ್ಲಿ, ಸುಕ್ರಿಯವರು ೨೦೨೫ರ ಫೆಬ್ರವರಿಯಲ್ಲಿ ತೀರಿಕೊಂಡರು. ಪಂಡಿತರು ಒಂದನ್ನು ಜಾನಪದ, ಇನ್ನೊಂದನ್ನು ಅರಣ್ಯಶಾಸ್ತ್ರವೆಂದು ಬೇರೆ ಬೇರೆ ಕಪಾಟುಗಳಲ್ಲಿ ಇಡುತ್ತಾರೆ. ಆ ಸಮುದಾಯದ ಬದುಕಿನಲ್ಲಿ ಈ ಗೋಡೆ ಇರಲಿಲ್ಲ.

ಸಂಕೋಚದ ಸಂಗತಿ ಸಿನಿಮಾದ್ದು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ೧೯೭೩ರಲ್ಲಿಯೇ ‘ಗಂಧದ ಗುಡಿ’ ತೆರೆ ಕಂಡಿತು. ಅರಣ್ಯಾಧಿಕಾರಿಯೊಬ್ಬನು ಮರಗಳ್ಳರನ್ನೂ ಪ್ರಾಣಿಹಂತಕರನ್ನೂ ಎದುರಿಸುವುದು ಅದರ ಕಥೆ. ಚಿ. ಉದಯಶಂಕರ್ ಬರೆದು, ರಾಜನ್‌-ನಾಗೇಂದ್ರ ಸಂಗೀತ ಕೂಡಿಸಿ, ಪಿ. ಬಿ. ಶ್ರೀನಿವಾಸ್ ಹಾಡಿದ ಅದರ ಪ್ರಸಿದ್ಧ ಗೀತೆಯಿಲ್ಲದೆ ಮುಂಬಯಿಯ ರಾಜ್ಯೋತ್ಸವಗಳು ನಡೆಯುವುದು ವಿರಳ. ಗೀತೆ ಉಳಿಯಿತು, ಅದರ ಕಾಡು ಉದುರಿಹೋಯಿತು. ನುಡಿಯ ಅಭಿಮಾನಗೀತೆಯಾಗಿ ಅದನ್ನು ಹಾಡುವವರಿಗೆ, ಅದು ಕಾಡನ್ನು ಕಾಯುವವನ ಬಾಯಿಯಿಂದ ಹೊರಟ ಹಾಡೆಂಬ ನೆನಪಿಲ್ಲ. ನಾಡನ್ನು ಹೊಗಳುವ ಗೀತೆಗಳಲ್ಲೆಲ್ಲ ಸಹ್ಯಾದ್ರಿಯೂ ನದಿಗಳೂ ಬರುತ್ತವೆ, ಆಭರಣಗಳ ಹಾಗೆ. ಆಭರಣಕ್ಕೆ ಹೂಳು ತುಂಬುವುದಿಲ್ಲ. ಅದಕ್ಕೆ ಚರಂಡಿ ಕೂಡುವುದಿಲ್ಲ. ಪುನೀತ್ ರಾಜಕುಮಾರರ ಮರಣಾನಂತರ ೨೦೨೨ರಲ್ಲಿ ಅದೇ ಹೆಸರಿನಿಂದ ಬಂದ ಸಾಕ್ಷ್ಯಚಿತ್ರ ಗೀತೆಯನ್ನು ಕಾಡಿಗೆ ಮರಳಿಸುವ ಒಂದು ಯತ್ನವೆಂದು ಹೇಳಬಹುದು.

ಬೆಂಗಳೂರಿನ ರಿಕಿ ಕೇಜ್ ಅವರ ಸಾಧನೆ ಇದರ ಇನ್ನೊಂದು ತುದಿ. ೨೦೧೫ರಲ್ಲಿ ಗ್ರ್ಯಾಮಿ ಪುರಸ್ಕಾರ ಪಡೆದ ಮೇಲೆ ಅವರು ತಮ್ಮ ಸಂಗೀತವನ್ನು ಪರಿಸರಕ್ಕೆ ಮೀಸಲಿಟ್ಟರು. ಅವರ ‘ಶಾಂತಿ ಸಂಸಾರ’ ಅದೇ ವರ್ಷ ಪ್ಯಾರಿಸಿನ ಹವಾಮಾನ ಸಮ್ಮೇಳನದ ಸಂದರ್ಭದಲ್ಲಿ ಬಿಡುಗಡೆಯಾಯಿತು. ನಾದದ ಶೋಭೆಯಲ್ಲಿ, ನಾನಾ ದೇಶಗಳ ವಾದ್ಯಗಳ ಮೇಳದಲ್ಲಿ ಅದಕ್ಕೆ ಕೊರತೆಯಿಲ್ಲ. ಆದರೆ ಅದು ಭೂಮಿಯನ್ನು ಕುರಿತದ್ದು, ಭೂಮಿಯ ಯಾವೊಂದು ತುಂಡನ್ನೂ ಕುರಿತದ್ದಲ್ಲ. ಸಾಧಾರಣೀಕರಣ ಅಲ್ಲಿ ಸಂಪೂರ್ಣ. ಆದುದರಿಂದಲೇ ಅದನ್ನು ಕೇಳಿ ಯಾವ ದೇಶದ ಮಂತ್ರಿಯೂ ಮುಜುಗರಪಡಬೇಕಾಗಿಲ್ಲ. ಶಾಂತಿ ಪರಿಸರದ ಗುರಿಯಾಗಬಹುದು. ಅದರ ದಾರಿಯೂ ಶಾಂತವೇ ಆಗಿರುತ್ತದೆಂದು ಸಾಲ್ಕಣಿಯ ಅನುಭವ ಹೇಳುವುದಿಲ್ಲ.

೭

ಸಂಗೀತ ಪರಿಸರಕ್ಕೆ ಬುದ್ಧಿ ಹೇಳುವ ಮೊದಲು ತನ್ನ ಮೈಯನ್ನು ನೋಡಿಕೊಳ್ಳುವುದು ಲೇಸು. ವಾರ್ಲಿಗಳ ತಾರ್ಪಾ ಒಣಗಿದ ಸೋರೆಬುರುಡೆ, ಬಿದಿರು, ತಾಳೆಗರಿ, ಜೇನುಮೇಣಗಳಿಂದ ಆದದ್ದು. ಕೆಟ್ಟರೆ ಮಣ್ಣಿಗೆ ಮರಳುತ್ತದೆ. ಹಾಲಕ್ಕಿಗಳ ಗುಮಟೆ ಮಣ್ಣಿನ ಗಡಿಗೆ. ಅದರ ಬಾಯಿಗೆ ಉಡದ ಚರ್ಮ ಬಿಗಿಯುವ ವಾಡಿಕೆಯಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಉಡಕ್ಕೆ ರಕ್ಷಣೆ ಕೊಟ್ಟಿತು. ಅದರ ಸೋದರವಾದ್ಯವಾದ ಘುಮಟ ಗೋವೆಯಲ್ಲಿ ಆಡಿನ ಚರ್ಮಕ್ಕೆ ಹೊರಳಿ, ೨೦೧೯ರಲ್ಲಿ ರಾಜ್ಯದ ಪಾರಂಪರಿಕ ವಾದ್ಯವೆಂಬ ಮಾನ್ಯತೆ ಪಡೆಯಿತು. ನಾದ ತುಸು ಬದಲಾಯಿತೆಂದು ಹಿರಿಯ ವಾದಕರು ಹೇಳಿದರೆ ಅದನ್ನು ನಂಬಬೇಕು. ಸಂಪ್ರದಾಯವೂ ಪರಿಸರಕ್ಕಾಗಿ ತೆರಬೇಕಾದ ಬೆಲೆ ಅದು.

ಮುಂಬಯಿಯಲ್ಲಿ ಸಂಗೀತವೇ ಮಾಲಿನ್ಯವಾಗುವ ದಿನಗಳೂ ಉಂಟು. ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮಿತಿ ಹಾಕಿವೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕಗಳಿಗೆ ನಿರ್ಬಂಧ ಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯ ೨೦೦೫ರ ಜುಲೈಯಲ್ಲಿ ಎತ್ತಿಹಿಡಿಯಿತು. ಉತ್ಸವಗಳ ಮೆರವಣಿಗೆಯಲ್ಲಿ ಇವನ್ನು ಕೇಳುವವರಾರು? ಕನ್ನಡ ಸಂಘಗಳ ಕಾರ್ಯಕ್ರಮಗಳೂ ಈ ದೋಷಕ್ಕೆ ಹೊರತಲ್ಲ. ನೂರು ಜನರ ಸಭಾಗೃಹದಲ್ಲಿ ಸಾವಿರ ಜನರಿಗೆ ಸಾಲುವ ಸದ್ದಿನಲ್ಲಿ ನಿಸರ್ಗಗೀತೆ ಹಾಡಿಸುವುದರಲ್ಲಿ ಒಂದು ವಿನೋದವಿದೆ. ಸಂಘಟಕರಿಗೆ ಅದು ಕೇಳಿಸಬೇಕಷ್ಟೆ.

೮

ಕೊನೆಯ ಪ್ರಶ್ನೆ ಹೊರನಾಡಿನ ಕನ್ನಡಿಗನದೇ. ಅವನಿಗೆ ಎರಡು ನೀರುಗಳ ಋಣವಿದೆ: ಹುಟ್ಟೂರಿನ ನೇತ್ರಾವತಿ, ಶಾಂಭವಿ, ಅಘನಾಶಿನಿಗಳದು ಒಂದು, ಬಾಳ್ವೆ ಕೊಟ್ಟ ಊರಿನ ಮೀಠಿ, ದಹಿಸರಗಳದು ಇನ್ನೊಂದು. ಮೊದಲನೆಯದಕ್ಕಾಗಿ ಅವನು ಎದ್ದ ನಿದರ್ಶನವುಂಟು. ಉಡುಪಿ ಜಿಲ್ಲೆಯ ನಂದಿಕೂರಿನ ಉಷ್ಣವಿದ್ಯುತ್ ಯೋಜನೆಯನ್ನು ವಿರೋಧಿಸಿದವರಲ್ಲಿ ಮುಂಬಯಿಯ ಕರಾವಳಿಗರು ಕಟ್ಟಿದ ಜಯಶ್ರೀಕೃಷ್ಣ ಪರಿಸರ ಪ್ರೇಮಿ ಸಮಿತಿಯೂ ಸೇರಿತ್ತು. ಸ್ಥಾವರ ಎದ್ದೇ ನಿಂತಿತು. ಆದರೂ ನೂರಾರು ಮೈಲಿ ದೂರದಲ್ಲಿ ಕುಳಿತವರು ಊರಿನ ಗಾಳಿಗಾಗಿ ಸಂಘ ಕಟ್ಟಿದರೆಂಬುದು ಸಣ್ಣ ಮಾತಲ್ಲ. ಎರಡನೆಯ ಋಣ ಮಾತ್ರ ಬಹುಮಟ್ಟಿಗೆ ಬಾಕಿಯಿದೆ. ಊರಿನ ಹೊಳೆಯನ್ನು ನೆನೆದು ಕಣ್ಣು ತೇವ ಮಾಡಿಕೊಳ್ಳುವವನು ಕಿಟಕಿಯ ಕೆಳಗಿನ ಹೊಳೆಗೆ ಮೂಗು ಮುಚ್ಚಿಕೊಳ್ಳುತ್ತಾನೆ. ನೆನಪಿನ ಹೊಳೆ ರಸಕ್ಕೆ ಒದಗುತ್ತದೆ. ಕಿಟಕಿಯ ಹೊಳೆ ಕೆಲಸವನ್ನು ಬೇಡುತ್ತದೆ.

ಈ ನಗರದ ಕನ್ನಡಿಗರ ಬಳಿ ಹಾಡಿನ ಸಾಧನಗಳಿಗೆ ಬರವಿಲ್ಲ. ಯಕ್ಷಗಾನದ ತಂಡಗಳಿವೆ, ಭಜನಾ ಮಂಡಳಿಗಳಿವೆ, ಸಂಘಗಳ ಗಾಯನ ಶಾಖೆಗಳಿವೆ. ೧೯೦೨ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದ ಕಡಲ ಮಕ್ಕಳಿಗೆ ಖಾಡಿಯ ನೀರು ಕೆಟ್ಟರೆ ಏನಾಗುವುದೆಂದು ಯಾರೂ ಕಲಿಸಬೇಕಾಗಿಲ್ಲ. ಕೊರತೆಯಿರುವುದು ಹಾಡು ಮತ್ತು ಕೆಲಸಗಳನ್ನು ಕೂಡಿಸುವ ಸಂಧಿಯಲ್ಲಿ. ದಹಿಸರ ನದಿಯ ಮೇಲೆ ಕನ್ನಡದಲ್ಲಿ ಒಂದು ಪ್ರಸಂಗ ರಚನೆಯಾಗಲಿ. ಅದರಲ್ಲಿ ತುಳಸಿ ಕೆರೆಯಿಂದ ಸಮುದ್ರದ ವರೆಗಿನ ಪಾತ್ರದ ವಿವರ ಬರಲಿ, ಹೂಳು ಎಂಬ ಶಬ್ದವೂ ಬರಲಿ. ಆಟ ಮುಗಿದ ಮರುದಿನ ನೋಡಿದವರು ದಂಡೆಗೆ ಹೋಗಲಿ, ಮಹಾನಗರಪಾಲಿಕೆಗೆ ಬರೆಯುವ ಮನವಿ ಅಲ್ಲಿಯೇ ಸಿದ್ಧವಿರಲಿ. ಆಗ ಹಾಡು ಕೆಟ್ಟಿತೆಂದು ರಸಿಕರು ಅಂಜಬೇಕಾಗಿಲ್ಲ. ೧೯೨೪ರ ಗೀತೆ ಸಂಘಟನೆಯ ಸಹವಾಸದಿಂದ ಕೆಡಲಿಲ್ಲ; ಅದರಿಂದಲೇ ಬಾಳಿತು.